ಉತ್ತರ ಇಟ್ಟುಕೊಂಡೇ ಕೇಳುವ ಪ್ರಶ್ನೆ

ಇಂಗ್ಲಿಷಿನ ನಕಾರಾತ್ಮಕ ಪ್ರಶ್ನೆ ಅನೇಕ ಸಲ ಹೆಸರಿಗಷ್ಟೇ ಪ್ರಶ್ನೆ. ‘ಡು ಯು ನೋ ಹಿಮ್?’ ಎನ್ನುವವನಿಗೆ ಉತ್ತರ ಹೇಗಿದ್ದರೂ ನಡೆದೀತು. ‘ಡೋಂಟ್ ಯು ನೋ ಹಿಮ್?’ ಎನ್ನುವವನದು ಹಾಗಲ್ಲ. ಗೊತ್ತಿರಬೇಕಿತ್ತಲ್ಲ ಎಂಬ ಅಚ್ಚರಿಯೋ ಆಕ್ಷೇಪವೋ ಅದರೊಳಗೇ ಇರುತ್ತದೆ.

ರಚನೆಯಲ್ಲಿ ತೊಡಕೇನಿಲ್ಲ. ‘ನಾಟ್’ ಎಂಬುದು ಕುಗ್ಗಿ ಸಹಾಯಕ ಕ್ರಿಯಾಪದಕ್ಕೆ ಅಂಟಿಕೊಂಡರೆ ಕರ್ತೃವಿಗಿಂತ ಮುಂಚೆ ಬರುತ್ತದೆ, ಬಿಡಿಯಾಗಿದ್ದರೆ ಕರ್ತೃವಿನ ನಂತರ: ‘ಡು ಯು ನಾಟ್ ನೋ ಹಿಮ್?’ ಈ ಬಿಡಿ ರೂಪಕ್ಕೆ ಪಾಟೀಸವಾಲಿನ ಗತ್ತು ಇದೆ. ‘ಆಮ್ ಐ ನಾಟ್’ ಮಾತ್ರ ಕುಗ್ಗುವಾಗ ‘ಆರಂಟ್ ಐ’ ಆಗಿಬಿಡುತ್ತದೆ. ‘ಐ ಆರ್’ ಎಂದರೆ ಕೆಂಪು ಗೆರೆ ಎಳೆಯುವ ಮೇಷ್ಟರೂ ಇದನ್ನು ಒಪ್ಪಲೇಬೇಕು.

ನಿಜವಾದ ಸೊಗಸು ಇರುವುದು ಅರ್ಥದಲ್ಲಿ. ‘ಇಸಂಟ್ ರವಿ ಕಮಿಂಗ್ ಟೂ?’ ಎಂದರೆ ರವಿಯೂ ಬರುತ್ತಾನೆಂಬ ನಂಬಿಕೆ. ಅದನ್ನು ಖಚಿತಪಡಿಸಿಕೊಳ್ಳುವುದಷ್ಟೇ ಉದ್ದೇಶ. ‘ಟೂ’ ತೆಗೆದು ‘ಈದರ್’ ಇಟ್ಟರೆ, ಇನ್ಯಾರೋ ಬರುತ್ತಿಲ್ಲ, ಇವನೂ ಬರುವ ಹಾಗೆ ಕಾಣುತ್ತಿಲ್ಲ ಎಂಬ ಅನುಮಾನ. ಪ್ರಶ್ನೆಯ ಉಳಿದ ಪದಗಳೆಲ್ಲ ಅವೇ, ನಿರೀಕ್ಷೆ ಮಾತ್ರ ತಿರುವುಮುರುವು. ಒಂದರಲ್ಲಿ ನಿಷೇಧ ವಾಕ್ಯದ ಹೊರಗೆ ನಿಂತಿದೆ, ಇನ್ನೊಂದರಲ್ಲಿ ಒಳಗೆ ಎಂದು ಭಾಷಾವಿಜ್ಞಾನಿ ರಾಬರ್ಟ್ ಲ್ಯಾಡ್ 1981ರಲ್ಲಿ ಈ ವ್ಯತ್ಯಾಸವನ್ನು ವಿವರಿಸಿದರು.

ಇದೇ ರೂಪ ಉಪಚಾರಕ್ಕೂ ಬರುತ್ತದೆ, ಗದರಿಕೆಗೂ ಬರುತ್ತದೆ. ‘ವೋಂಟ್ ಯು ಸಿಟ್ ಡೌನ್?’ ಎಂಬುದು ಕುರ್ಚಿ ತೋರಿಸಿ ಆಡುವ ಮಾತು. ‘ಕಾಂಟ್ ಯು ಸಿಟ್ ಸ್ಟಿಲ್?’ ಎಂಬುದು ಕುಣಿಯುವ ಹುಡುಗನಿಗೆ. ‘ವೈ ಡೋಂಟ್ ಯು ಆಸ್ಕ್ ಹರ್?’ ಎಂದಾಗ ಸಾಮಾನ್ಯವಾಗಿ ಯಾರೂ ಕಾರಣ ಕೇಳುತ್ತಿರುವುದಿಲ್ಲ, ಅದು ಸಲಹೆ. ‘ಇಸಂಟ್ ಇಟ್ ಲವ್ಲಿ!’ ಎಂಬುದಂತೂ ಬರಿಯ ಉದ್ಗಾರ.

ಕನ್ನಡಿಗರು ಎಡವುವುದು ಉತ್ತರ ಕೊಡುವಾಗ. ‘ನಿನ್ನೆ ಬರಲಿಲ್ಲವಾ?’ ಎಂದರೆ ಬಾರದವನು ‘ಹೌದು, ಬರಲಿಲ್ಲ’ ಎನ್ನುತ್ತಾನೆ; ಕೇಳಿದವನ ಮಾತಿಗೆ ಅದು ಒಪ್ಪಿಗೆ. ಇಂಗ್ಲಿಷ್ ಪ್ರಶ್ನೆಯ ಮುಖ ನೋಡುವುದಿಲ್ಲ, ನಡೆದ ಸಂಗತಿ ನೋಡುತ್ತದೆ. ಬಂದಿದ್ದರೆ ‘ಯೆಸ್’, ಬಾರದಿದ್ದರೆ ‘ನೋ’. ‘ಯೆಸ್, ಐ ಡಿಡಂಟ್’ ಎಂಬುದು ಅಪ್ಪಟ ಕನ್ನಡದ ತರ್ಕ, ತರ್ಕವಾಗಿ ಅದರಲ್ಲಿ ದೋಷವೇನೂ ಇಲ್ಲ.

ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಉತ್ತರದ ಪದಗಳು ನಾಲ್ಕಿದ್ದವು: ಸಾದಾ ಪ್ರಶ್ನೆಗೆ ‘ಯೇ’ ಮತ್ತು ‘ನೇ’, ನಕಾರಾತ್ಮಕ ಪ್ರಶ್ನೆಗೆ ‘ಯೆಸ್’ ಮತ್ತು ‘ನೋ’. ಬೈಬಲ್ ಅನುವಾದಕ ವಿಲಿಯಂ ಟಿಂಡಲ್ ‘ನೇ’ ಬರಬೇಕಾದಲ್ಲಿ ‘ನೋ’ ಬಳಸಿದನೆಂದು 1532ರಲ್ಲಿ ಥಾಮಸ್ ಮೋರ್ ತರಾಟೆಗೆ ತೆಗೆದುಕೊಂಡ. ತಮಾಷೆಯೆಂದರೆ ನಿಯಮ ವಿವರಿಸುವಾಗ ಅವನೇ ಒಂದು ಕಡೆ ಅದನ್ನು ತಲೆಕೆಳಗು ಮಾಡಿದ. ಆಮೇಲೆ ಆ ಭೇದ ಅಳಿಸಿಹೋಯಿತು. ಫ್ರೆಂಚಿನ ‘ಸಿ’, ಜರ್ಮನ್ನಿನ ‘ಡಾಖ್’ ನಕಾರಾತ್ಮಕ ಪ್ರಶ್ನೆಯನ್ನು ಅಲ್ಲಗಳೆಯಲು ಇಂದಿಗೂ ಉಳಿದಿವೆ.

ಇಂಗ್ಲಿಷಿನವರಿಗೂ ಒಂಟಿ ‘ಯೆಸ್’ ಕೆಲವೊಮ್ಮೆ ಗೊಂದಲವೇ. ಹಾಗಾಗಿ ಉತ್ತರವನ್ನು ಒಂದೇ ಪದಕ್ಕೆ ನಿಲ್ಲಿಸದೆ ‘ಯೆಸ್, ಐ ಡಿಡ್’ ಅಥವಾ ‘ನೋ, ಐ ಡಿಡಂಟ್’ ಎಂದು ಪೂರ್ತಿ ಹೇಳುವುದು ಒಳ್ಳೆಯದು.