ಚುಕ್ಕಿಯ ತೂಕ

ನಮ್ಮೂರ ಅಕ್ಕಸಾಲಿಗರ ತಕ್ಕಡಿ ಇರುವುದು ಬಂಗಾರ ತೂಗಲಿಕ್ಕೆ. ಹೋದ ವರ್ಷ ಶ್ರಾವಣದಿಂದ ದೀಪಾವಳಿಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಅದರ ಮೇಲೆ ಕೂರುತ್ತಿದ್ದದ್ದು ಒಂದು ಆಮೆಮರಿ. ನಾಲ್ಕನೇ ತರಗತಿಯ ನನ್ನ ಮಗಳು ಬಂದ ಅಂಕಿಯನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದಿಡುತ್ತಿದ್ದಳು. 28 ಗ್ರಾಂ. 28. 29. 29. 28. 29. ಆಮೇಲೆ ಮತ್ತೆ 28.

ಅದು ಬಂದದ್ದು ಬೆಂಗಳೂರಿನಿಂದ, ತೂತು ಕೊರೆದ ಮಿಠಾಯಿ ಡಬ್ಬಿಯಲ್ಲಿ. ಹಬ್ಬಕ್ಕೆ ಬಂದ ನಮ್ಮ ಸಂಬಂಧಿಕರೊಬ್ಬರು, 'ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ಇದ್ದ ಹಾಗೆ' ಎಂದು ಮಕ್ಕಳ ಕೈಗಿತ್ತರು. ಎಲ್ಲಿಂದ ತಂದಿರಿ ಎಂದು ನಾನು ಕೇಳಲಿಲ್ಲ. ನಿಂಬೆಹಣ್ಣಿನಷ್ಟು ದೇಹ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು. ಮಗಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಳು. ಐದು ವರ್ಷದ ಮಗ ಅದು ನಡೆದಲ್ಲೆಲ್ಲ ಹಿಂದೆಯೇ ಅಂಬೆಗಾಲಿಟ್ಟ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು, ತುಂಗಭದ್ರೆಯ ದಂಡೆಯ ಊರು. ಹೊಳೆ ತುಂಬಿ ಬಂದರೆ ಗರ್ಭಗುಡಿ ಕಡೆಯ ರಸ್ತೆಗೇ ನೀರು ಏರುತ್ತದೆ. ಇಂಥ ಊರಿನವರಿಗೆ ಆಮೆ ಹೊಸದಲ್ಲ. ಆದರೆ ನಾವು ಕಂಡದ್ದೆಲ್ಲ ಪಾಚಿ ಬಣ್ಣದ, ಸದ್ದಾದರೆ ನೀರಿಗೆ ಜಾರುವ ಆಮೆಗಳು. ಈ ಹಳದಿ ಗೆರೆಯದು ನೀರಿನ ತಟ್ಟೆಯಲ್ಲಿ ಇಟ್ಟರೆ ಅಂಚು ಹತ್ತಿ ಹೊರಗೆ ಬರುತ್ತಿತ್ತು. ಬೇರೆ ಜಾತಿ ಇರಬೇಕು ಎಂದುಕೊಂಡು ಸುಮ್ಮನಾದೆವು.

ಸಾಕಿದ್ದು ಹೇಗೆ ಅಂದರೆ, ಪ್ರೀತಿಯಿಂದ. ಬೆಕ್ಕು, ಕಾಗೆಗಳ ಭಯಕ್ಕೆ ಅದನ್ನು ಅಂಗಳಕ್ಕೆ ಬಿಡಲಿಲ್ಲ. ಪಡಸಾಲೆಯ ಕಿಟಕಿಯ ಕೆಳಗೆ ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟು, ಗಾಜಿನೊಳಗಿಂದ ಬಿಸಿಲು ಬೀಳುವಂತೆ ನೋಡಿಕೊಂಡೆವು. ನಾವು ಉಂಡದ್ದನ್ನೇ ಅದಕ್ಕೂ ಕೊಟ್ಟೆವು: ಅನ್ನದ ಅಗುಳು, ಹಾಲಿನಲ್ಲಿ ನೆನೆಸಿದ ಬನ್ನು, ಟೊಮೆಟೊ, ಸೌತೆಕಾಯಿ. ಟೊಮೆಟೊ ಕಂಡರೆ ಕತ್ತು ಚಾಚುತ್ತಿತ್ತು. ತಿನ್ನುತ್ತದಲ್ಲ, ಇನ್ನೇನು ಬೇಕು?

ಆದರೆ ಮಗಳಿಗೆ ಸಮಾಧಾನವಿಲ್ಲ. 'ಅವ್ವ, ಇದು ಬೆಳೀತಾನೇ ಇಲ್ಲ' ಎಂದು ರಾಗ ತೆಗೆದಳು. ಆಗ ಶುರುವಾದದ್ದೇ ಭಾನುವಾರದ ತೂಕ. ಎರಡು ತಿಂಗಳಾದರೂ ಅಂಕಿ ಇದ್ದಲ್ಲೇ ಇತ್ತು. ಅತ್ತೆ ನಕ್ಕು, 'ಆಮಿ ಅಂದ್ರ ಹಂಗ ಬಿಡವಾ. ನೂರು ವರ್ಷ ಬದುಕೋದಕ್ಕ ಏನು ಅವಸರ ಐತಿ?' ಎಂದರು. ಪಕ್ಕದ ಮನೆಯವರೂ ಅದನ್ನೇ ಹೇಳಿದರು, ಅಕ್ಕಸಾಲಿಗರೂ ಅದನ್ನೇ ಹೇಳಿದರು. ಆಮೆ ಮತ್ತು ಮೊಲದ ಕಥೆ ಓದಿ ಬೆಳೆದವರು ನಾವು. ನಿಧಾನ ಎನ್ನುವುದು ಆಮೆಯ ಹುಟ್ಟುಗುಣ ಎಂದ ಮೇಲೆ ಚಿಂತೆ ಯಾಕೆ?

ನನಗೆ ಚಿಂತೆ ಹತ್ತಿದ್ದು ಬೇರೊಂದು ನೆನಪಿನಿಂದ. ಮಗ ಒಂದೂವರೆ ವರ್ಷದವನಿದ್ದಾಗ ತೀರ ಸಣ್ಣಗಿದ್ದ. ಆಗಲೂ ಎಲ್ಲರೂ 'ಅವರಪ್ಪನೂ ಹಿಂಗೇ ಇದ್ದ, ಬೆಳೀತಾನ ಬಿಡು' ಎನ್ನುತ್ತಿದ್ದರು. ಅಂಗನವಾಡಿ ಟೀಚರ್ ಮಾತ್ರ ತಾಯಿ ಕಾರ್ಡನ್ನು ಬಿಡಿಸಿ, ತೂಕದ ಗೆರೆ ಹಸಿರು ಪಟ್ಟಿಯಿಂದ ಹಳದಿಗೆ ಇಳಿದದ್ದನ್ನು ಬೆರಳಿಟ್ಟು ತೋರಿಸಿದ್ದರು. 'ಬೇರೆ ಮಗು ಎಷ್ಟು ದಪ್ಪ ಐತಿ ಅಂತ ನೋಡಬೇಡಿ. ನಿಮ್ಮ ಮಗುವಿನ ಗೆರೆ ಮೇಲೆ ಹೋಗಾಕತ್ತೈತೋ ಇಲ್ಲೋ ಅಷ್ಟು ನೋಡಿ. ನಿಧಾನಕ್ಕ ಹೋದರೆ ಹೋಗಲಿ. ನಿಂತರೆ ಮಾತ್ರ ನನಗೆ ಹೇಳಬೇಕು' ಎಂದಿದ್ದರು. ಮೊಟ್ಟೆ, ಶೇಂಗಾ, ಸೊಪ್ಪು, ಹೊಟ್ಟೆಹುಳಕ್ಕೆ ಔಷಧಿ ಎಲ್ಲ ಆದ ಮೇಲೆ ಆ ಗೆರೆ ಮತ್ತೆ ಏರಿತ್ತು.

ಕ್ಯಾಲೆಂಡರಿನ ಹಿಂಬದಿಯ ಅಂಕಿಗಳನ್ನು ನೋಡುವಾಗ ಆ ಮಾತು ನೆನಪಾಯಿತು. ಚುಕ್ಕಿ ನಿಧಾನಕ್ಕೆ ಬೆಳೆಯುತ್ತಿರಲಿಲ್ಲ. ನಿಂತಿತ್ತು. ಅಂದು ಚಿಪ್ಪನ್ನು ಮೆಲ್ಲಗೆ ಒತ್ತಿ ನೋಡಿದೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಂತೆ ಒಳಕ್ಕೆ ಹೋಯಿತು. ಕಣ್ಣು ಅರ್ಧ ಮುಚ್ಚಿತ್ತು. ಟೊಮೆಟೊಗೂ ಕತ್ತು ಚಾಚಲಿಲ್ಲ.

ಮರುದಿನವೇ ಪರಿಚಯದ ಪಶುವೈದ್ಯರ ಬಳಿ ಒಯ್ದೆವು. 'ನಾನು ದನ, ಎಮ್ಮೆ, ಕುರಿ ನೋಡುವವನು. ಆಮೆ ಬಗ್ಗೆ ಗೊತ್ತಿರೋರನ್ನ ಕೇಳಿ ಹೇಳ್ತೀನಿ' ಎಂದು ಅವರು ಗೆಳೆಯರೊಬ್ಬರಿಗೆ ಫೋನ್ ಮಾಡಿದರು. ಅರ್ಧ ಗಂಟೆ ಮಾತಾಡಿದ ಮೇಲೆ ಹೇಳಿದ್ದು ಇಷ್ಟು.

ಇದು ನಕ್ಷತ್ರ ಆಮೆ. ನೀರಿನದಲ್ಲ, ಕುರುಚಲು ಕಾಡು ಮತ್ತು ಹುಲ್ಲುಗಾವಲಿನ ನೆಲದ ಆಮೆ. ಪೂರ್ತಿ ಬೆಳೆದ ಹೆಣ್ಣು ಸುಮಾರು ಒಂದು ಗೇಣು ಉದ್ದ, ಗಂಡು ಅದಕ್ಕಿಂತ ಸಣ್ಣದು. ಅಲ್ಲಿಗೆ ಮುಟ್ಟಲು ವರ್ಷಗಳೇ ಬೇಕು ಎನ್ನುವುದು ನಿಜ. ಆದರೆ ಮರಿಯ ತೂಕ ತಿಂಗಳುಗಟ್ಟಲೆ ನಿಲ್ಲಬಾರದು. ಆಮೆಯ ಚಿಪ್ಪು ಅಂಗಿಯಂತೆ ಹೊರಗೆ ಹೊದ್ದದ್ದಲ್ಲ, ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೇ ಕೂಡಿ ಆದ ಎಲುಬು. ಎಲುಬಿಗೆ ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ವಿಟಮಿನ್ ಬೇಕು. ಅದು ಮೈಯಲ್ಲಿ ತಯಾರಾಗಲು ಬಿಸಿಲಿನ ನೇರಳಾತೀತ ಕಿರಣ ಬೇಕು.

'ಬಿಸಿಲು ಬೀಳುತ್ತಲ್ಲ ಸಾರ್, ಕಿಟಕಿಯಿಂದ' ಎಂದೆ.

'ಗಾಜು ಬೆಳಕನ್ನ ಬಿಡ್ತದಮ್ಮ, ಆ ಕಿರಣಾನ ತಡೀತದೆ.'

ನಾನು ಮೂರು ತಿಂಗಳು ಆ ಟಬ್ಬನ್ನು ಬೆಳಕಿನ ಜೊತೆ ಸರಿಸಿ ಸರಿಸಿ ಇಟ್ಟಿದ್ದೆ. ನನ್ನ ಮಕ್ಕಳಿಬ್ಬರನ್ನೂ ಬಾಣಂತನದಲ್ಲಿ ಎಳೆಬಿಸಿಲಿಗೆ ಅಂಗಳದಲ್ಲೇ ಮಲಗಿಸಿದವಳು ನಾನು. ಅಂಥವಳು ಆಮೆಮರಿಗೆ ಬಿಸಿಲಿನ ಬಣ್ಣ ಮಾತ್ರ ತೋರಿಸಿದ್ದೆ.

ಊಟದ ಕಥೆಯೂ ಹಾಗೆಯೇ. ಅನ್ನ, ಬನ್ನು, ಹಾಲು ಅದಕ್ಕೆ ಸಲ್ಲದವು. ಟೊಮೆಟೊ, ಸೌತೆ ಬಹುಪಾಲು ನೀರು. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದೂ ದಿನಾ ಬೇಡ. ಅದರ ನಿಜವಾದ ಊಟ ಹುಲ್ಲು, ಕಳೆಗಿಡ, ಎಲೆ, ಉದುರಿದ ಹೂವು. ನುಗ್ಗೆಸೊಪ್ಪು, ದಾಸವಾಳದ ಹೂವು ಕೊಡಬಹುದು. ಹಾಗಂತ ಬೇಗ ದೊಡ್ಡದಾಗಲಿ ಎಂದು ಪುಷ್ಟಿಯ ಆಹಾರ ತುರುಕಿದರೂ ಕೆಡುಕೇ; ಚಿಪ್ಪಿನ ಚಕ್ಕೆಗಳು ಗೋಪುರದಂತೆ ಉಬ್ಬಿ ವಿಕಾರವಾಗುತ್ತವೆ.

ಕೊನೆಗೆ ಅವರು ದನಿ ತಗ್ಗಿಸಿದರು. ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ನಕ್ಷತ್ರ ಆಮೆ ಹುಲಿ, ಆನೆಗಳ ಜೊತೆ ಮೊದಲನೇ ಪಟ್ಟಿಯಲ್ಲಿದೆ. ಸಾಕುವ ಶೋಕಿಗೆ ಕಾಡಿನಿಂದ ಹಿಡಿದು ದೇಶ ದಾಟಿಸುವವರಿದ್ದಾರೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ಬಂದಿದ್ದವು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ನಮ್ಮ ಮಿಠಾಯಿ ಡಬ್ಬಿ ಆ ದೊಡ್ಡ ದಂಧೆಯ ಸಣ್ಣ ತುದಿ. 'ಅರಣ್ಯ ಇಲಾಖೆಗೆ ತಿಳಿಸಿ' ಎಂದು 1926 ಎಂಬ ಸಹಾಯವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮನೆಗೆ ಬಂದಾಗ ಅತ್ತೆಗೆ ಗಾಬರಿ. 'ಯಾಕ ಬೇಕು ಈ ಉಸಾಬರಿ? ಸೋಮವಾರ ಪೂಜಿ ಮಾಡಿ ಹೊಳಿಗೆ ಬಿಟ್ಟುಬಿಡ್ರಿ' ಎಂದರು. ಪುಣ್ಯದ ಮಾತೆಂದೇ ಅವರು ಆಡಿದ್ದು. ವೈದ್ಯರ ಬಳಿ ಹೋಗದಿದ್ದರೆ ನಾನೂ ಅರಿಸಿನ ಕುಂಕುಮ ಹಚ್ಚಿ ತುಂಗಭದ್ರೆಗೆ ಬಿಡುತ್ತಿದ್ದೆನೇನೋ. ನೆಲದ ಆಮೆಗೆ ಈಜು ಬಾರದು. ಮುಳುಗಿ ಸಾಯುತ್ತದೆ. ಹೊಲದ ಬದುವಿಗೆ ಬಿಡೋಣವೆಂದರೆ ಅಷ್ಟು ಸಣ್ಣ, ಮೆತ್ತನೆಯ ಚಿಪ್ಪಿನ ಮರಿ ಕಾಗೆಗೆ ತುತ್ತು. ಮನೆಯಲ್ಲಿ ಸಾಕಿದ್ದರಿಂದ ರೋಗವೇನಾದರೂ ಹತ್ತಿದ್ದರೆ ಕಾಡಿನವಕ್ಕೂ ಅಂಟೀತು.

ಹಾಗಾದರೆ ಅಂದೇ ಫೋನ್ ಮಾಡಿದೆನೇ? ಇಲ್ಲ. ಒಂಬತ್ತು ದಿನ ತಡ ಮಾಡಿದೆ. ಕೇಸಾದೀತೆಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಆಸೆ. ಈಗ ಗೊತ್ತಾಯಿತಲ್ಲ, ಸರಿಯಾಗಿ ಸಾಕಿದರಾಯಿತು ಎಂಬ ಆಸೆ. ಬೆಳಿಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಬುಟ್ಟಿ ಕವುಚಿ ಬಿಸಿಲಿಗೆ ಬಿಟ್ಟೆವು. ತಟ್ಟೆಯಲ್ಲಿ ಗದ್ದದ ಕೆಳಗಿನಷ್ಟು ಬೆಚ್ಚನೆಯ ನೀರು ಹಾಕಿ ನೆನೆಸಿದೆವು. ನಾಲ್ಕನೇ ದಿನ ದಾಸವಾಳದ ಎಸಳಿಗೆ ಬಾಯಿ ಹಾಕಿತು. ಭಾನುವಾರದ ತೂಕ 29.

ಮಗಳು ಕುಣಿದಾಡಿದಳು. ಆದರೆ ಒಂದು ಗ್ರಾಂ ಎಂದರೆ ಕುಡಿದ ನೀರೂ ಇರಬಹುದು ಎಂದು ನನಗೆ ಗೊತ್ತಿತ್ತು. ಚಿಪ್ಪು ಇನ್ನೂ ಮೆತ್ತಗೇ ಇತ್ತು. ಆ ರಾತ್ರಿ ಅವಳೇ ಕೇಳಿದಳು: 'ಅವ್ವ, ತಮ್ಮ ಸಣ್ಣಗಾದಾಗ ನೀನು ಅಂಗನವಾಡಿಗೆ ಹೇಳಿದ್ದೆಯಲ್ಲ. ಇದರದ್ದು ಯಾಕೆ ಹೇಳಿಲ್ಲ?'

ಉತ್ತರ ನನ್ನ ಬಳಿ ಇರಲಿಲ್ಲ. ಬೆಳಿಗ್ಗೆ 1926ಕ್ಕೆ ಫೋನ್ ಮಾಡಿದೆ.

ಮಧ್ಯಾಹ್ನ ಅರಣ್ಯ ಇಲಾಖೆಯ ಇಬ್ಬರು ಬಂದರು. ನಾನು ಹೆದರಿದಂತೆ ಗದರಲಿಲ್ಲ. ಎಲ್ಲಿಂದ ಬಂತು, ಯಾವಾಗ ಬಂತು ಎಂದು ಕೇಳಿ ಬರೆದುಕೊಂಡರು. ನಾವು ಮುಚ್ಚಿಡದೆ ಹೇಳಿದೆವು, ಸಹಿ ಮಾಡಿದೆವು. ತಂದುಕೊಟ್ಟ ಸಂಬಂಧಿಕರು ಅಂದಿನಿಂದ ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಮಗಳು ಕ್ಯಾಲೆಂಡರಿನ ಆ ಹಾಳೆಯನ್ನು ಹರಿದು, ತನಗೊಂದು ನಕಲು ಬರೆದುಕೊಂಡು, ಅಸಲನ್ನು ಅವರಿಗೆ ಕೊಟ್ಟಳು. 'ಡಾಕ್ಟರಿಗೆ ಕೊಡಿ. ಇದು ಬೆಳೆದಿಲ್ಲ ಅಂತ ಅವರಿಗೆ ಗೊತ್ತಾಗಬೇಕು' ಎಂದಳು. ಆ ಸಿಬ್ಬಂದಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಗ ಗೇಟಿನವರೆಗೂ ಓಡಿ, ಕೈ ಬೀಸಿ, ಒಳಗೆ ಬಂದು ಖಾಲಿ ಟಬ್ಬಿನಲ್ಲಿ ಕೂತ.

ತೂಗಿ ನೋಡದೇ ಇದ್ದಿದ್ದರೆ ನಮ್ಮ ಮನೆಯಲ್ಲೇ, ನಮ್ಮ ಕಣ್ಣೆದುರೇ, ಪ್ರೀತಿಯ ನಡುವೆಯೇ ಅದು ಸೊರಗಿ ಹೋಗುತ್ತಿತ್ತು. ನಾವು ಆಗಲೂ 'ಆಮೆ ತಾನೆ, ನಿಧಾನ' ಎನ್ನುತ್ತಿದ್ದೆವು.

ಸಂಕ್ರಾಂತಿಯ ಹೊತ್ತಿಗೆ ಮಗಳ ಕಾಟ ತಾಳದೆ ಆ ಸಿಬ್ಬಂದಿಗೆ ಫೋನ್ ಹಚ್ಚಿದೆ. ವೈದ್ಯರಿರುವ ಕಡೆಗೆ ಕಳಿಸಿದ್ದೇವೆ, ತಿನ್ನುತ್ತಿದೆಯಂತೆ ಎಂದರು. ಎಷ್ಟು ಗ್ರಾಂ ಎಂಬುದು ಅವರಿಗೂ ಗೊತ್ತಿರಲಿಲ್ಲ. ಮಗಳು ತನ್ನ ನಕಲು ಹಾಳೆಯನ್ನು ಹುಡುಕಿ ತೆಗೆದು, 29ರ ಕೆಳಗೆ, ಅಂಕಿ ಬರೆಯಬೇಕಾದ ಜಾಗದಲ್ಲಿ 'ತಿನ್ನುತ್ತಿದೆ' ಎಂದು ಬರೆದಳು.