ಮಾರಿಕಣಿವೆ ಕೋಡಿ ಬಿದ್ದ ವರ್ಷ

ಮಾರಿಕಣಿವೆ ಕೋಡಿ ಬಿದ್ದ ವರ್ಷದ ಮಾತಿದು. 1933ರಿಂದ ಒಮ್ಮೆಯೂ ಕೋಡಿ ಕಾಣದ ಈ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, 2022ರ ಸೆಪ್ಟೆಂಬರಿನಲ್ಲಿ ತುಂಬಿ ಹರಿಯಿತು. ಹಿರಿಯೂರಿನವರು, ಹೊಸದುರ್ಗದ ನಾವು, ಟ್ರ್ಯಾಕ್ಟರ್ ಹತ್ತಿ ಹೋಗಿ ಕಣ್ತುಂಬ ನೋಡಿ ಬಂದೆವು. ವಯಸ್ಸಾದವರು ನೀರಿಗೆ ಕೈಮುಗಿದರು.

ಅದೇ ಮಳೆಗೆ ನಮ್ಮೂರ ಸರ್ಕಾರಿ ಶಾಲೆಯ ಹೆಂಚಿನ ಮಾಡು ಕೂತಿತು. ನಾಲ್ಕನೇ ಕ್ಲಾಸಿನ ತೊಲೆ ನಡುವೆ ಬಾಗಿ, ಗೆದ್ದಲು ತಿಂದ ರೀಪರ್ ಪಟ್ಟಿಗಳ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಸೋರುವ ಕಡೆ ಬಿಸಿಯೂಟದ ಪಾತ್ರೆ ಇಟ್ಟು, ಮಕ್ಕಳನ್ನು ಒಣಗಿದ ಮೂಲೆಗೆ ಒತ್ತರಿಸಿ ಮೇಷ್ಟ್ರು ಪಾಠ ಮಾಡುತ್ತಿದ್ದರು. ನಾನಾಗ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷ.

ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. "ಮಳೆ ಬಂದ್ರೆ ರಜ ಕೊಡ್ತೀರಿ. ತಪ್ಪಿದ ಪಾಠ ಯಾರು ಮಾಡ್ತಾರೆ?" ಎಂದಳು. ಪಂಚಾಯ್ತಿಯ ಪಿಡಿಒ ತುಸು ಹೊತ್ತು ಸುಮ್ಮನಿದ್ದು, "ನರೇಗಾದಲ್ಲಿ ಕಾಂಪೌಂಡ್ ಕಟ್ಟಿಸಬಹುದಮ್ಮ, ಕೊಠಡಿಗೆ ದುಡ್ಡು ಮೇಲಿಂದಲೇ ಬರ್ಬೇಕು" ಅಂದರು. ಮೇಲೆ ಅಂದರೆ ಎಲ್ಲಿ ಎಂದು ಹುಡುಕಲು ಹೊರಟಿದ್ದು ಆವತ್ತಿನಿಂದ.

ಅದೇ ತಿಂಗಳು ಸರ್ಕಾರ 'ವಿವೇಕ' ಯೋಜನೆಯಲ್ಲಿ 7,601 ಕೊಠಡಿ ಕಟ್ಟುವುದಾಗಿ ಸಾರಿತು. ಪೇಪರಿನ ತುಂಬ ಗೋಡೆಗೆ ಕೇಸರಿ ಬಳಿಯಬೇಕೋ ಬೇಡವೋ ಎಂಬ ಜಗಳ. ಯಾವ ಬಣ್ಣವಾದರೂ ಇರಲಿ, ಮೊದಲು ಗೋಡೆ ಬರಲಿ ಅಂತ ನನಗೆ ಹೊಟ್ಟೆ ಉರಿಯುತ್ತಿತ್ತು. ಪಟ್ಟಿಯಲ್ಲಿ ನಮ್ಮ ಶಾಲೆ ಇರಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ನಮ್ಮಂಥವರು ಕೊಠಡಿಗೆ ಅರ್ಜಿ ಬರೆಯಲು ಚಿತ್ರದುರ್ಗದಲ್ಲಿ ಸೇರಿದೆವು. ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಬಿಚ್ಚಿ ತೋರಿಸಿದರು: ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ. "ನಾವು ಬೇಡೋಕೆ ಹೋಗ್ತಿಲ್ಲ, ಬರಬೇಕಾದ್ದನ್ನ ಕೇಳೋಕೆ ಹೋಗ್ತಿದೀವಿ" ಎಂದರು. ಪ್ರತಿ ಅರ್ಜಿಯ ತಲೆಯ ಮೇಲೆ ಶಾಲೆಯ ಹನ್ನೊಂದು ಅಂಕಿಯ ಡೈಸ್ ಕೋಡ್ ಬರೆಸಿದ್ದೂ ಅವರೇ. ಅದಿಲ್ಲದ ಅರ್ಜಿ ಯಾವ ಶಾಲೆಯದೆಂದೇ ಕಚೇರಿಯಲ್ಲಿ ಗೊತ್ತಾಗುವುದಿಲ್ಲವಂತೆ. ಕಟ್ಟಡ ಶಿಥಿಲವಾಗಿದೆ ಎಂದು ಎಂಜಿನಿಯರ್ ಬರೆದುಕೊಟ್ಟ ಹಾಳೆಯನ್ನೂ ಪಿನ್ ಮಾಡಿದೆವು.

ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ. ರಾತ್ರಿ ಬಸ್ಸಿನಲ್ಲಿ ಹೋಗಿ ಇಳಿದಾಗ ಹೆದ್ದಾರಿ ಪಕ್ಕದ ಸುವರ್ಣ ವಿಧಾನಸೌಧದ ಸುತ್ತ ಪೊಲೀಸರೇ ಪೊಲೀಸರು. ಕೊಂಡಸಕೊಪ್ಪದ ಪ್ರತಿಭಟನೆ ಟೆಂಟುಗಳಲ್ಲಿ ಒಬ್ಬೊಬ್ಬರದು ಒಂದೊಂದು ಬೇಡಿಕೆ, ಒಂದೊಂದು ಮೈಕು. ಪಂಚಮಸಾಲಿ ಮೀಸಲಾತಿಯ ಕೂಗಿನ ಮುಂದೆ ನಮ್ಮ ಹೆಂಚಿನ ಮಾತು ಯಾರ ಕಿವಿಗೆ ಬೀಳಬೇಕು? ಜೊತೆಯಲ್ಲಿದ್ದ ನಮ್ಮೂರ ಹಿರಿಯರು ಮಾತ್ರ ಕುಗ್ಗಲಿಲ್ಲ. "1962ರಲ್ಲಿ ನಿಜಲಿಂಗಪ್ಪನವರಂಥವರನ್ನೇ ಸೋಲಿಸಿದ ಕ್ಷೇತ್ರ ಹೊಸದುರ್ಗ. ಶಾಸಕರ ಮುಂದೆ ನಾಚಿಕೆ ಯಾಕೋ?" ಎಂದು ಬೆನ್ನು ತಟ್ಟಿದರು.

ಮಧ್ಯಾಹ್ನದ ಮೇಲೆ ನಮ್ಮ ಕಡೆಯ ಶಾಸಕರೊಬ್ಬರು ಸಿಕ್ಕರು. ಅವರ ಪಿಎ, "ಚುಕ್ಕೆ ಗುರುತಿನ ಪ್ರಶ್ನೆ ಆಗ್ಬೇಕಿದ್ರೆ ಮುಂಚೇನೇ ಬರೆದು ಕೊಡಬೇಕಿತ್ತು ಯಜಮಾನ್ರೇ, ಈಗ ಟೈಮ್ ಮೀರಿದೆ" ಅಂದರು. ಶಾಸಕರು ಹಾಳೆ ತಿರುವುತ್ತ ಡೈಸ್ ಕೋಡ್ ನೋಡಿ ನಿಂತರು.

"ಇದನ್ನ ಯಾರು ಬರೆಸಿದ್ದು?"

"ನಮ್ಮ ಮೇಷ್ಟ್ರು ಸಾರ್."

"ಬಜೆಟ್‌ಗೆ ಮುಂಚೆ ಬೆಂಗಳೂರಿಗೆ ಬನ್ನಿ. ಇಲಾಖೆಗೆ ನಾನೇ ಪತ್ರ ಕೊಡ್ತೀನಿ."

ಮೇ ತಿಂಗಳಲ್ಲಿ ಚುನಾವಣೆ ಇತ್ತು, ಅದಕ್ಕೇ ಕಿವಿಗೊಟ್ಟರು ಅಂತ ಆಮೇಲೆ ಕೆಲವರು ಅಂದರು. ಇರಬಹುದು. ಓಟು ಇರುವುದೇ ಅದಕ್ಕಲ್ಲವೇ? ಬೆಂಗಳೂರಿಗೂ ಹೋದೆವು, ಪತ್ರ ಕೊಟ್ಟರು.

ಹೊಳಲ್ಕೆರೆ ಕಡೆಯ ಶಾಲೆಗೆ ಎರಡು ಕೊಠಡಿ ಮಂಜೂರಾದವು, ನಮಗೆ ಒಂದು. ಆರ್‌ಸಿಸಿ ಹಾಕಿದ ದಿನ ಊರವರೆಲ್ಲ ಬಾಂಡ್ಲಿ ಹೊತ್ತರು. ಹಿರಿಯೂರು ಕಡೆಯ ಎರಡು ಶಾಲೆಗಳ ಅರ್ಜಿ ಹಾಗೇ ಉಳಿದಿದೆ. ಅವುಗಳ ಜೆರಾಕ್ಸ್ ಪ್ರತಿ ನನ್ನ ಹತ್ತಿರವಿದೆ. ಈ ಸಲ ಪ್ರಶ್ನೆ ಬರೆದುಕೊಡುವ ಗಡುವಿಗೆ ಮುಂಚೆಯೇ ಅವನ್ನು ತಲುಪಿಸಬೇಕು.