ಹೆಬಳೆಯ ದಡದಲ್ಲಿ ಬಲೆಯ ಕಣ್ಣು

ಭಟ್ಕಳದ ಪೇಟೆಯ ಗದ್ದಲವನ್ನು ಹಿಂದಿಟ್ಟು ಕಡಲಿನ ಕಡೆಗೆ ಕೆಲವೇ ಮೈಲಿ ಸಾಗಿದರೆ ಹೆಬಳೆ ಸಿಗುತ್ತದೆ. ಹೆದ್ದಾರಿಯ ಮೇಲೆ ಮುರ್ಡೇಶ್ವರಕ್ಕೆ ಧಾವಿಸುವ ಪ್ರವಾಸಿಕರಲ್ಲಿ ಬಹುಮಂದಿ ಈ ಊರಿನ ಹೆಸರನ್ನು ಕೇಳಿರಲಾರರು. ಮುರ್ಡೇಶ್ವರದ ಮುಗಿಲೆತ್ತರದ ಗೋಪುರ ಇಲ್ಲಿಲ್ಲ; ಭಟ್ಕಳದ ಬಸದಿಗಳನ್ನೂ ಕೇತಪಯ್ಯ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆಯನ್ನೂ ನೋಡಿ ಬಂದ ಕಣ್ಣಿಗೆ ಈ ತೆಂಗಿನ ತೋಟ, ಈ ಗದ್ದೆಯ ಬಯಲು, ಈ ಕೆಂಪು ಕಲ್ಲಿನ ಪಾಗಾರಗಳು ವಿಶೇಷವೆಂದು ತೋರುವುದೂ ಇಲ್ಲ. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ‘ಹೆಬ್ಳೆ’ ಎಂಬ ಅಡ್ಡಹೆಸರಿನ ಸಾರಸ್ವತ ಗೃಹಸ್ಥರನ್ನು ಬಲ್ಲವರು ಮಾತ್ರ, ಆ ಹೆಸರು ಹೊರಟದ್ದು ಇಲ್ಲಿಂದಲೇ ಎಂದು ತಿಳಿದು ಒಂದು ಗಳಿಗೆ ನಿಂತಾರು.

ಭಟ್ಕಳವಾದರೋ ಹಳೆಯ ರೇವುಪಟ್ಟಣ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿದದ್ದು, ಅಕ್ಕಿ ಸಕ್ಕರೆಗಳು ಹಡಗೇರಿದ್ದು, 1502ರಲ್ಲಿ ವಾಸ್ಕೋ ಡ ಗಾಮನು ಬಂದು ಕಪ್ಪ ಕೇಳಿದ್ದು, ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿವೆ. ಹೆಬಳೆಯ ಕಡಲಂಚಿನ ಚರಿತ್ರೆಯನ್ನು ಪುಸ್ತಕಗಳಲ್ಲಿ ಹುಡುಕಿದರೆ ಸಿಕ್ಕುವುದು ಕಷ್ಟ. ಅದು ದಾರದಲ್ಲಿದೆ.

ಹೊಳೆಯು ಕಡಲನ್ನು ಸೇರುವ ಅಳಿವೆಯ ಬಳಿ ತೆಂಗಿನಗುಂಡಿಯೆಂಬ ಮೀನುಗಾರಿಕೆಯ ಬಂದರು. ಇಲ್ಲಿಗೆ ಮಳೆಗಾಲದಲ್ಲಿಯೇ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಯಿಡುವ ಕಾಲವೆಂದು ಸರಕಾರವು ವಿಧಿಸಿರುವ ತಡೆ ಅದು. ಕಡಲು ಕೆಂಪು ಕಲಕಿ ಬೊಬ್ಬಿಡುತ್ತಿರುತ್ತದೆ. ದೋಣಿಗಳು ತೆಂಗಿನ ಗರಿಯ ಇಲ್ಲವೆ ಪ್ಲಾಸ್ಟಿಕ್ಕಿನ ಹೊದಿಕೆ ಹೊದ್ದು ದಡದ ಮೇಲೆ ಮಲಗಿರುತ್ತವೆ. ಆದರೆ ಆಗ ದಡದಲ್ಲಿ ಯಾರಿಗೂ ಬಿಡುವಿಲ್ಲ. ಚಪ್ಪರಗಳ ಕೆಳಗೆ, ಮನೆಯ ಜಗಲಿಗಳಲ್ಲಿ, ರಾಶಿ ರಾಶಿಯಾಗಿ ಹರವಿದ ಬಲೆಯ ನಡುವೆ ಗಂಡಸರು ಕಾಲು ನೀಡಿ ಕುಳಿತಿರುತ್ತಾರೆ. ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿ ಬಿಗಿಯಾಗಿ ಎಳೆದುಕೊಂಡು, ಬಲಗೈಯಲ್ಲಿ ಒಂದು ಚಪ್ಪಟೆ ಕಡ್ಡಿ ಹಿಡಿದು ಹೆಣೆಯುತ್ತಿರುತ್ತಾರೆ. ಮೊಗೇರರು, ಖಾರ್ವಿಗಳು, ಹರಿಕಾಂತರು, ದಾಲ್ಜಿಗಳು ಎಂದು ಈ ಕರಾವಳಿಯ ಮೀನುಗಾರರಲ್ಲಿ ಮತ ಬೇರೆ, ಮನೆಮಾತು ಬೇರೆ. ಗಂಟು ಮಾತ್ರ ಎಲ್ಲರದೂ ಒಂದೇ.

ಆ ಗಂಟನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಕಡ್ಡಿಯು ಹಿಂದೆ ಬಿದಿರಿನದು, ಈಗ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ತುದಿ ಚೂಪು, ನಡುವೆ ನಾಲಗೆಯಂಥ ಒಂದು ಕಡ್ಡಿ. ದಾರವನ್ನು ಆ ನಾಲಗೆಗೆ ಸುತ್ತಿ ತುಂಬಿರುತ್ತಾರೆ. ಎಡಗೈಯಲ್ಲಿ ಒಂದು ನಯವಾದ ಪಟ್ಟಿ. ಅದರ ಅಗಲವೇ ಬಲೆಯ ಕಣ್ಣಿನ ಅಳತೆ. ದಾರವು ಪಟ್ಟಿಯ ಮೇಲಿನಿಂದ ಇಳಿದು, ಕೆಳಗಿನಿಂದ ಹಿಂದಿನ ಸಾಲಿನ ಕುಣಿಕೆಯೊಳಕ್ಕೆ ಏರಿ ಹೊರಬರುತ್ತದೆ. ಎಡಗೈಯ ಹೆಬ್ಬೆರಳು ಅದನ್ನು ಅದುಮಿ ಹಿಡಿಯುತ್ತದೆ. ಕಡ್ಡಿಯು ಕುಣಿಕೆಯ ಎರಡು ಕಾಲುಗಳ ಹಿಂದೆ ಸುತ್ತಿ, ತನ್ನದೇ ದಾರದ ಅಡಿಯಲ್ಲಿ ನುಗ್ಗಿ ಬರುತ್ತದೆ. ಒಂದು ಎಳೆತಕ್ಕೆ ಗಂಟು ಬಿಗಿಯುತ್ತದೆ. ನೇಕಾರನು ಮಗ್ಗದಲ್ಲಿ ತುಂಡಾದ ಹಾಸಿನ ಎಳೆಯನ್ನು ಕೂಡಿಸಲು ಹಾಕುವ ಗಂಟೂ ಇದೇ. ಬರೆಯಲು ಇಷ್ಟು ಸಾಲು ಬೇಕಾಯಿತು. ಪಳಗಿದ ಕೈಗೆ ಎರಡು ಉಸಿರಿನ ನಡುವಣ ಕೆಲಸ.

ಪೇಟೆಯ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಕ್ರೋಶಾ ಕಡ್ಡಿ ಹಿಡಿದು ಕೂಡುವ ಗೃಹಿಣಿಯೊಬ್ಬಳು ಈ ದಡಕ್ಕೆ ಬಂದರೆ ಅವಳಿಗೆ ಈ ನೋಟ ಅಪರಿಚಿತವೆನಿಸದು. ಒಂದೇ ದಾರ, ಒಂದೇ ಕಡ್ಡಿ, ಹಿಂದಿನ ಸಾಲಿನ ಕುಣಿಕೆಯಿಂದ ಮುಂದಿನ ಸಾಲಿನ ಕುಣಿಕೆ, ಬಾಯಲ್ಲಿ ಎಣಿಕೆ. ಈ ನೆಂಟಸ್ತಿಕೆ ಬರಿಯ ತೋರಿಕೆಯದಲ್ಲ. ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ಮನೆಗಳ ಹೆಂಗಸರು, ಮೀನುಗಾರನ ಕಡ್ಡಿಯನ್ನೇ ಸಣ್ಣದಾಗಿ ಉಕ್ಕಿನಲ್ಲೋ ದಂತದಲ್ಲೋ ಮಾಡಿಸಿಕೊಂಡು, ರೇಷ್ಮೆಯ ದಾರದಿಂದ ಬೆರಳಿಲ್ಲದ ಕೈಗವಸುಗಳನ್ನೂ ಹಣದ ಚೀಲಗಳನ್ನೂ ಹೆಣೆಯುತ್ತಿದ್ದರು. ಬಲೆಯ ಚೌಕ ಕಣ್ಣುಗಳಲ್ಲಿ ಕೆಲವನ್ನು ಸೂಜಿಯಿಂದ ತುಂಬಿ, ಕೆಲವನ್ನು ಬಿಟ್ಟು ಹೂವು ಹಕ್ಕಿಗಳನ್ನು ಮೂಡಿಸುವ ಕಸೂತಿಗೆ ‘ಫಿಲೆ’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ಅರ್ಥ ಬಲೆಯೆಂದೇ. ಅನಂತರ ಕೊಕ್ಕೆಯ ಕಡ್ಡಿಯ ಕ್ರೋಶಾ ಬಳಕೆಗೆ ಬಂದು, ಗಂಟಿನ ಕಷ್ಟವಿಲ್ಲದೆ ಅದೇ ಚೌಕಗಳನ್ನು ಕಟ್ಟುವುದನ್ನು ಕಲಿತಿತು. ಚೌಕಳಿ ಕಾಗದದ ಮೇಲೆ ಕಪ್ಪು ಬಿಳಿ ಮನೆಗಳನ್ನು ಗುರುತಿಸಿ, ಗುಲಾಬಿಯನ್ನೋ ಎಲೆಬಳ್ಳಿಯನ್ನೋ ಕೈಗವಸಿನ ಬೆನ್ನಿನ ಮೇಲೆ ಇಳಿಸುವ ಮಾದರಿಗಳನ್ನು ಇಂದಿಗೂ ಹೆಂಗಸರು ಹಾಕುತ್ತಾರೆ. ಅಂಥ ಕೈಗವಸು ತೊಟ್ಟ ಕೈಯು ತಾನು ಬೆಸ್ತರ ಬಲೆಯ ಮೊಮ್ಮಗಳನ್ನು ತೊಟ್ಟಿದ್ದೇನೆಂದು ತಿಳಿಯದೆ ಇರಬಹುದು.

ಕೈಗವಸಿನಲ್ಲಿ ಕಠಿಣವಾದದ್ದು ಹೂವಲ್ಲ, ಹೆಬ್ಬೆರಳು. ಮಣಿಕಟ್ಟಿನಿಂದ ಕೊಳವೆಯಂತೆ ಸುತ್ತಿಕೊಂಡು ಬಂದದ್ದು ಹೆಬ್ಬೆರಳಿನ ಬುಡದಲ್ಲಿ ಅಗಲಿಸಬೇಕು. ಸಾಲಿಗೆ ಇಷ್ಟೆಂದು ಕುಣಿಕೆಗಳನ್ನು ಹೆಚ್ಚಿಸುತ್ತ ಹೋಗಿ, ಅಷ್ಟನ್ನೇ ಬೇರೆ ತೆಗೆದಿಟ್ಟು, ಉಳಿದುದನ್ನು ನಾಲ್ಕು ಬೆರಳಿಗೆ ಹಂಚಬೇಕು. ಎಣಿಕೆ ಒಂದು ತಪ್ಪಿದರೆ ಬೆರಳೇ ಸೊಟ್ಟ. ಈ ಲೆಕ್ಕವನ್ನು ದೊಡ್ಡದಾಗಿ ಕಾಣಬೇಕಾದರೆ ಹೊಳೆಯ ಅಂಚಿನಲ್ಲಿ ಬೀಸುಬಲೆ ಎಸೆಯುವವನನ್ನು ನೋಡಬೇಕು. ಭುಜದ ಮೇಲೆ ಮಡಿಸಿಕೊಂಡಿದ್ದ ಬಲೆಯು ಅವನು ಮೈತಿರುಗಿಸಿ ಎಸೆದಾಗ ಗಾಳಿಯಲ್ಲಿ ದುಂಡಗೆ ಅರಳಿ, ಅಂಚಿನ ಸೀಸದ ಗುಂಡುಗಳ ಭಾರದಿಂದ ಒಮ್ಮೆಗೇ ನೀರಿಗೆ ಬೀಳುತ್ತದೆ. ಆ ದುಂಡು ತಾನಾಗಿ ಬಂದದ್ದಲ್ಲ. ನೆತ್ತಿಯಲ್ಲಿ ಕೆಲವೇ ಕುಣಿಕೆಗಳಿಂದ ಆರಂಭಿಸಿ, ಇಷ್ಟಿಷ್ಟು ಸುತ್ತಿಗೊಮ್ಮೆ, ಸಮದೂರದಲ್ಲಿ, ಹೆಚ್ಚಿಗೆಯ ಕಣ್ಣುಗಳನ್ನು ಸೇರಿಸುತ್ತ ಇಳಿಯಬೇಕು. ಕಡಮೆ ಸೇರಿಸಿದರೆ ಬಲೆ ಚೀಲದಂತೆ ತೂಗುತ್ತದೆ. ಹೆಚ್ಚು ಸೇರಿಸಿದರೆ ನಿರಿಗೆಗಟ್ಟಿ ನೀರಿನಲ್ಲಿ ತೊಡಕಿಕೊಳ್ಳುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ವೃತ್ತದ ಗಣಿತವನ್ನು ಬೆರಳಿನಲ್ಲಿ ಇಟ್ಟುಕೊಂಡಿದ್ದರು.

ನೀಳ ಬಲೆಗಳ ವಿಚಾರ ಬೇರೆ. ಬಂಗಡೆಗೆ ಸುಮಾರು 50 ಮಿಲಿಮೀಟರಿನ ಕಣ್ಣು, ತಾರ್ಲೆಗೆ ಸುಮಾರು 35. ಮೀನಿನ ತಲೆ ನುಗ್ಗಿ ಕಿವಿರು ಸಿಕ್ಕಬೇಕು, ಮರಿ ಪಾರಾಗಬೇಕು. ಎಡಗೈಯ ಆ ಸಣ್ಣ ಪಟ್ಟಿಯೇ ಯಾವ ಮೀನು ಮನೆಗೆ, ಯಾವುದು ಕಡಲಿಗೆ ಎಂದು ತೀರ್ಮಾನಿಸುತ್ತಿತ್ತು.

ಇವೆಲ್ಲಕ್ಕೂ ಮಹಾರಾಯನೆಂದರೆ ರಂಪಣಿ ಬಲೆ. ಉತ್ತರ ಕನ್ನಡದ ಹಿರಿಯರು ಆ ಹೆಸರನ್ನು ಇಂದಿಗೂ ಹಬ್ಬದ ಹೆಸರಿನಂತೆ ಉಚ್ಚರಿಸುತ್ತಾರೆ. ಸೆಣಬಿನ ಮತ್ತು ಹತ್ತಿಯ ದಾರದ ನೂರಾರು ತುಂಡುಗಳನ್ನು ಜೋಡಿಸಿದ ಆ ಬಲೆಯನ್ನು ದೋಣಿಯಲ್ಲಿ ಒಯ್ದು ಬಂಗಡೆಯ ಹಿಂಡಿನ ಸುತ್ತ ಬಳಸಿ ತಂದರೆ, ಎರಡು ತುದಿಗಳನ್ನು ದಡದಲ್ಲಿ ಹಿಡಿದೆಳೆಯಲು ಊರಿಗೆ ಊರೇ ನಿಲ್ಲುತ್ತಿತ್ತು. ಬಲೆಗೆ ಒಬ್ಬನೇ ಒಡೆಯನಿರಲಿಲ್ಲ. ಪಾಲುದಾರರು ತಮ್ಮ ತಮ್ಮ ತುಂಡುಗಳನ್ನು ತಂದು ಸೇರಿಸುತ್ತಿದ್ದರು, ಬಂದ ಮೀನಿನಲ್ಲಿ ಪಾಲು ಪಡೆಯುತ್ತಿದ್ದರು. ಆದ್ದರಿಂದ ಮನೆಯಲ್ಲಿ ಹೆಣೆದ ಬಲೆಯೆಂದರೆ ಬರಿಯ ಉಪಕರಣವಲ್ಲ, ಅದು ಬಂಡವಾಳ. ದೋಣಿ ಕೊಳ್ಳಲಾರದ ಬಡವನಿಗೂ ಕೈಯಲ್ಲಿ ಗಂಟಿದ್ದರೆ ಕಡಲಿನಲ್ಲಿ ಒಂದು ಪಾಲಿತ್ತು. ಹತ್ತಿ ಸೆಣಬುಗಳು ಉಪ್ಪುನೀರಿಗೆ ಬೇಗ ಕೊಳೆಯುತ್ತವೆ. ಅದಕ್ಕಾಗಿ ಮರದ ತೊಗಟೆಯನ್ನು ಕುದಿಸಿದ ಒಗರು ರಸದಲ್ಲಿ ಬಲೆಯನ್ನು ಅದ್ದಿ ಒಣಗಿಸುವುದು ಮತ್ತೆ ಮತ್ತೆ ಬರುವ ಕೆಲಸ.

ಈ ಲೋಕವನ್ನು ಅಳಿಸಿದ್ದು ಎರಡು. ಬಲೆ ಹೆಣೆಯುವ ಯಂತ್ರವು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿತ್ತು. ನಮ್ಮ ಕರಾವಳಿಗೆ ಅದರ ಬಿಸಿ ತಟ್ಟಿದ್ದು ನೈಲಾನಿನೊಡನೆ. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಕೃತಕ ದಾರಗಳನ್ನು ಪರೀಕ್ಷಿಸಿ ಪ್ರಚಾರ ಮಾಡಿತು. ಕೊಳೆಯದ, ಹಗುರವಾದ, ತೊಗಟೆಯ ರಸ ಬೇಡದ ದಾರವನ್ನು ಯಾವ ಮೀನುಗಾರನು ಬೇಡವೆಂದಾನು? ಆಕ್ಷೇಪಿಸುವುದು ದಡದಲ್ಲಿ ನಿಂತು ನೋಡುವವರಿಗೆ ಸುಲಭ. ಎರಡನೆಯದು 1970ರ ದಶಕದ ನಡುವೆ ಬಂದ ಪರ್ಸಿನ್ ಬಲೆ. ಹಿಂಡು ದಡಕ್ಕೆ ಬರುವವರೆಗೆ ಕಾಯದೆ ಆಳದಲ್ಲಿಯೇ ಅದನ್ನು ಸುತ್ತಿ, ಚೀಲದ ಬಾಯಿಯಂತೆ ಬಿಗಿದು ಎತ್ತುವ ಯಂತ್ರದ ಬಲೆಯದು. ಕೆಲವೇ ವರ್ಷಗಳಲ್ಲಿ ರಂಪಣಿ ದಡದಲ್ಲಿಯೇ ಉಳಿಯಿತು. ಅದರೊಡನೆ ಪಾಲೂ ಹೋಯಿತು. ನೈಲಾನಿನ ಇನ್ನೊಂದು ಮುಖ ಅನಂತರ ಕಂಡಿತು. ಕಡಲಿನಲ್ಲಿ ಕಳೆದುಹೋದ ಹತ್ತಿಯ ಬಲೆ ಕರಗಿಹೋಗುತ್ತಿತ್ತು. ಕಳೆದುಹೋದ ನೈಲಾನು ವರ್ಷಗಟ್ಟಲೆ ಯಾರಿಗೂ ಬೇಡದ ಮೀನನ್ನು ಹಿಡಿಯುತ್ತಲೇ ಇರುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಮನುಷ್ಯನು ಬಲೆ ಹೆಣೆಯತೊಡಗಿ ಸಾವಿರಾರು ವರ್ಷಗಳಾದವು. 1913ರಲ್ಲಿ ಕರೇಲಿಯದ ಜೌಗುನೆಲದಲ್ಲಿ ದೊರೆತ ಆಂತ್ರೆಯಾ ಬಲೆಗೆ ಸುಮಾರು ಹತ್ತು ಸಾವಿರ ವರ್ಷ ವಯಸ್ಸೆಂದು ಲೆಕ್ಕ. ಅಷ್ಟು ಹಳೆಯ ವಿದ್ಯೆಯನ್ನು ಯಂತ್ರವು ಸುಲಭವಾಗಿ ಕಲಿತುಬಿಟ್ಟಿತು. ಆದರೆ ನಿನ್ನೆ ಮೊನ್ನೆ ಹುಟ್ಟಿದ ಕ್ರೋಶಾವನ್ನು ನಿಜವಾಗಿ ಹಾಕಬಲ್ಲ ಯಂತ್ರವು ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ಯಂತ್ರದ ಕ್ರೋಶಾ ಎಂದು ಮಾರುವುದು ಬೇರೆ ಹೆಣಿಗೆಯ ಅನುಕರಣೆ ಮಾತ್ರ. ಹಾಗೆಂದು ಕೈಗೆ ಗೆಲುವಾಯಿತೆಂದು ಹಿಗ್ಗುವಂತಿಲ್ಲ. ಗೋದಾವರಿಯ ಮುಖಜ ಭೂಮಿಯ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ದೇಶಾಂತರಗಳಿಗೆ ಹೋಗುತ್ತಿದ್ದಾಗ, ಅದನ್ನು ಹಾಕುವ ಹೆಂಗಸರನ್ನು ಕೆಲಸಗಾರರೆಂದೇ ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಕರೆದು ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನು ಮಾರಿಯಾ ಮೀಸ್ ಎಂಬ ವಿದುಷಿಯು 1982ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾಳೆ. ಬಲೆಯ ಗಂಟಿಗೆ ಕಡಲಿನಲ್ಲಿ ಪಾಲು ದೊರೆಯುತ್ತಿತ್ತು. ಲೇಸಿನ ಕುಣಿಕೆಗೆ ಅದೂ ದೊರೆಯಲಿಲ್ಲ.

ಹಾಗಾದರೆ ತೆಂಗಿನಗುಂಡಿಯ ಚಪ್ಪರದಲ್ಲಿ ಕಡ್ಡಿ ಹಿಡಿದವರು ಮಾಡುವುದೇನು? ಯಂತ್ರಕ್ಕೆ ಬಾರದ ಒಂದು ಕೆಲಸವನ್ನು. ಹೊಸ ಬಲೆಯು ಕಾರ್ಖಾನೆಯಿಂದ ಬರುತ್ತದೆ, ಹರಿದ ಬಲೆಗೆ ಮಾತ್ರ ಕೈಯೇ ಗತಿ. ಬಂಡೆಗೆ ತಾಗಿ ಹರಿದದ್ದು ಒಂದು ಬಗೆ, ಏಡಿ ಕತ್ತರಿಸಿದ್ದು ಇನ್ನೊಂದು ಬಗೆ, ದೊಡ್ಡ ಮೀನು ಸೀಳಿಕೊಂಡು ಹೋದದ್ದು ಮತ್ತೊಂದು. ಹೊಸಬನು ನೋಡಿ ಬೆರಗಾಗುವ ಸಂಗತಿಯೆಂದರೆ, ತೂತನ್ನು ಮುಚ್ಚುವ ಮೊದಲು ಕತ್ತಿ ಹಿಡಿದು ಅದನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ. ಅಂಚಿನ ಹರಕು ಎಳೆಗಳನ್ನೆಲ್ಲ ಸವರಿ, ಮೇಲೊಂದು ಕೆಳಗೊಂದು ಮೂರು ಕಾಲಿನ ಗಂಟನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಮೇಲಿನದರಲ್ಲಿ ಹೊಸ ದಾರದ ಆರಂಭ, ಕೆಳಗಿನದರಲ್ಲಿ ಮುಕ್ತಾಯ. ನಡುವೆ ಸಾಲು ಸಾಲಾಗಿ ಹೋಗಿಬಂದು ಒಂದು ಕಣ್ಣೂ ಹೆಚ್ಚು ಕಡಮೆಯಾಗದಂತೆ ಕೂಡಿಸಬೇಕು. ನೈಲಾನು ಜಾರುವ ದಾರವಾದ್ದರಿಂದ ಹಳೆಯ ಗಂಟಿಗೆ ಈಗ ಇನ್ನೊಂದು ಸುತ್ತು ಸೇರಿದೆ. ಅಳತೆಯ ಪಟ್ಟಿಯನ್ನು ಬಹುಮಂದಿ ಹಿಡಿಯುವುದಿಲ್ಲ, ಬೆರಳೇ ಪಟ್ಟಿ.

ಹರಿದುದನ್ನು ಕೂಡಿಸಬಲ್ಲ ಕೈಗಳು ಇನ್ನೂ ಸಾಕಷ್ಟಿವೆ; ಹೊಟ್ಟೆಪಾಡು ಅದನ್ನು ಕಲಿಸುತ್ತದೆ. ಆದರೆ ಬರಿದಾದ ಗೂಟಕ್ಕೆ ಮೊದಲ ಕುಣಿಕೆ ಕಟ್ಟಿ, ನೆತ್ತಿಯಿಂದ ಬೀಸುಬಲೆಯೊಂದನ್ನು ಇಳಿಸಬಲ್ಲ ಕೈಗಳು ಕರಾವಳಿಯುದ್ದಕ್ಕೂ ವಿರಳವಾಗುತ್ತಿವೆ. ತುಂಬುವುದಕ್ಕೆ ಸುತ್ತಲಿನ ಕಣ್ಣುಗಳೇ ಲೆಕ್ಕ ಹೇಳಿಕೊಡುತ್ತವೆ. ಆರಂಭಿಸುವವನಿಗೆ ಹೇಳಿಕೊಡುವವರು ಯಾರೂ ಇಲ್ಲ, ಲೆಕ್ಕವು ಅವನ ತಲೆಯಲ್ಲಿಯೇ ಇರಬೇಕು. ಹೆಂಗಸರ ಕೈಗವಸಿಗೆ ಮಾದರಿಯ ಪುಸ್ತಕಗಳು ಅಚ್ಚಾಗಿವೆ. ಕರಾವಳಿಯ ಬೀಸುಬಲೆಯ ಏರಿಕೆಯ ಲೆಕ್ಕವನ್ನೂ ಅದೇ ರೀತಿ ಚೌಕಳಿ ಕಾಗದದ ಮೇಲೆ ಯಾರಾದರೂ ಇಳಿಸಿಟ್ಟರೆ ಅದು ದೊಡ್ಡ ಉಪಕಾರವಾದೀತು.

ಜುಲೈ ತಿಂಗಳ ಕೊನೆಯ ದಿನಗಳಲ್ಲಿ ಚಪ್ಪರದ ರಾಶಿಗಳು ಕರಗುತ್ತವೆ. ಸರಿಪಡಿಸಿದ ಬಲೆಯನ್ನು ಇಬ್ಬರು ಎರಡು ಕಡೆ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾರೆ; ಎಲ್ಲಿಯಾದರೂ ಆಕಾಶವು ಹೆಚ್ಚಾಗಿ ಕಂಡರೆ ಅಲ್ಲಿಗೆ ಮತ್ತೆ ಕಡ್ಡಿ ಹೋಗುತ್ತದೆ. ಆಮೇಲೆ ಮಡಿಸಿ, ಹೊತ್ತು, ದೋಣಿಯ ಹೊಟ್ಟೆಗೆ ಇಳಿಸುತ್ತಾರೆ. ಜಗಲಿಯ ಮೇಲೆ ಉಳಿಯುವುದು ನೀಲಿ ಹಸಿರು ದಾರದ ತುಣುಕುಗಳು, ಅವನ್ನು ಗುಡಿಸುತ್ತಿರುವ ಮನೆಯ ಹೆಂಗಸು, ಮತ್ತು ಅಳಿವೆಯ ಆಚೆಯಿಂದ ಇನ್ನೂ ಕೇಳಿಬರುತ್ತಿರುವ ಕಡಲಿನ ಸದ್ದು.